ಇಸ್ತಬ್ರಕ್ ನಾಲ್ಕನೇ ಸಲ ಗೆಲ್ಲುತ್ತಿತ್ತಾ?

ಹಸಿರು_ಬಂಗಾರ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಇನ್ನೊಂದು ಥ್ರೆಡ್‌ನಲ್ಲಿ ಯಾರೋ ಕೇಳಿದ್ರು, ಹರ್ಡಲ್ ರೇಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಕುದುರೆ ಯಾವುದು ಅಂತ. ಅಲ್ಲಿ ‘ಇಸ್ತಬ್ರಕ್’ ಅಂತ ಒಂದೇ ಪದ ಬರೆದು ಬಂದೆ. ಅಷ್ಟಕ್ಕೇ ಬಿಡೋಕೆ ಮನಸ್ಸು ಒಪ್ಪಲಿಲ್ಲ. ಇವತ್ತು ರಜೆ, ಕೂತು ಬರೀತೀನಿ.

ನಾನು ಐರ್ಲೆಂಡಿನ ಲಿಮರಿಕ್‌ಗೆ ನರ್ಸ್ ಆಗಿ ಬಂದು ಹದಿನೆಂಟು ವರ್ಷ ಆಯ್ತು. ಬಂದ ಹೊಸದರಲ್ಲಿ ವಾರ್ಡಿನಲ್ಲಿ ಒಬ್ಬರು ಅಜ್ಜ ಇದ್ದರು, ಹಸು ಸಾಕಿಕೊಂಡಿದ್ದ ರೈತ. ರಾತ್ರಿ ನಿದ್ದೆ ಬಾರದಿದ್ದಾಗ ಮಾತಿಗೆ ಕರೆಯೋರು. ಮಂಚದ ಪಕ್ಕದ ಡ್ರಾಯರಿನಲ್ಲಿ ಜಪಸರದ ಜೊತೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಮಡಿಸಿಟ್ಟಿದ್ದರು. ಹಸಿರು-ಬಂಗಾರ ಪಟ್ಟೆಯ ಅಂಗಿ ತೊಟ್ಟ ಜಾಕಿ, ಅವನ ಕೆಳಗೆ ಕಿವಿ ನೆಟ್ಟಗೆ ಮಾಡಿಕೊಂಡ ಕಂದು ಕುದುರೆ. ಮಡಿಕೆ ಬಿದ್ದ ಕಡೆ ಕುದುರೆಯ ಮುಖ ಸವೆದು ಬೆಳ್ಳಗಾಗಿತ್ತು. ‘ಇವನ್ಯಾರು ಅಂತ ಗೊತ್ತಾ?’ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಬೆಳಗಿನ ಜಾವದವರೆಗೂ ಹೇಳಿದರು. ನಾನು ಈ ಆಟಕ್ಕೆ ಬಿದ್ದದ್ದು ಆ ರಾತ್ರಿ.

ಇಸ್ತಬ್ರಕ್ ಹುಟ್ಟಿದ್ದು 1992ರ ಮೇ ತಿಂಗಳಲ್ಲಿ. ತಂದೆ ಸ್ಯಾಡ್ಲರ್ಸ್ ವೆಲ್ಸ್. ತಾಯಿ ಬೆಟ್ಟೀಸ್ ಸೀಕ್ರೆಟ್, ಅಮೆರಿಕದ ಹೆಸರಾಂತ ಓಟದ ಕುದುರೆ ಸೆಕ್ರೆಟೇರಿಯಟ್‌ನ ಮಗಳು. ಇದೇ ತಾಯಿಯ ಇನ್ನೊಬ್ಬ ಮಗ ಸೆಕ್ರೆಟೊ 1984ರ ಎಪ್ಸಮ್ ಡರ್ಬಿ ಗೆದ್ದಿದ್ದ. ಇಂಥ ವಂಶದ ಮರಿ ಅಂದಮೇಲೆ ನಿರೀಕ್ಷೆ ಎಷ್ಟಿರಬೇಡ! ದುಬೈನ ಶೇಖ್ ಹಮ್ದಾನ್ ಅವರ ಕುದುರೆ, ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಜಾನ್ ಗಾಸ್ಡನ್ ಕೈಕೆಳಗೆ ಪಳಗುತ್ತಿತ್ತು. ಫ್ಲಾಟ್ ರೇಸಿನಲ್ಲಿ, ಅಂದರೆ ಹಾರೋದಿಲ್ಲದ ಬರೀ ಓಟದಲ್ಲಿ, ಎರಡು ಗೆಲುವು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 1996ರ ಬೇಸಿಗೆಯಲ್ಲಿ ಹರಾಜಿಗೆ ಹಾಕಿಬಿಟ್ಟರು.

ಗಾಸ್ಡನ್ ಅವರ ಹತ್ತಿರ ಅಸಿಸ್ಟೆಂಟ್ ಆಗಿದ್ದವರು ಜಾನ್ ಡರ್ಕನ್, ಐರ್ಲೆಂಡಿನ ಯುವಕ. ದಿನಾ ಬೆಳಗ್ಗೆ ಆ ಕುದುರೆಯನ್ನ ನೋಡುತ್ತಿದ್ದವರು. ಫ್ಲಾಟ್‌ಗೆ ಬೇಕಾದ ಮಿಂಚಿನ ವೇಗ ಇವನಲ್ಲಿಲ್ಲ, ಆದರೆ ಹರ್ಡಲ್‌ಗೆ ಹೇಳಿ ಮಾಡಿಸಿದ ಕುದುರೆ ಅಂತ ಅವರಿಗೆ ಅನ್ನಿಸಿತ್ತು. ಲಿಮರಿಕ್ ಕಡೆಯ ಜೆ.ಪಿ. ಮೆಕ್‌ಮ್ಯಾನಸ್ ಅವರಿಗೆ ಹೇಳಿದರು, ಅವರು 38,000 ಗಿನಿಗೆ ಕೊಂಡರು. ಡರ್ಕನ್ ಸ್ವಂತ ಲಾಯ ತೆರೆಯುವ ಸಿದ್ಧತೆಯಲ್ಲಿದ್ದರು, ಇಸ್ತಬ್ರಕ್ ಅವರ ಕೈಯಲ್ಲೇ ಪಳಗಬೇಕಿತ್ತು. ಅಷ್ಟರಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯ್ತು. ಅವರು ಗುಣವಾಗಿ ಬರುವ ತನಕ ಅಂತ ಕುದುರೆಯನ್ನ ಏಡನ್ ಓಬ್ರಿಯನ್ ಅವರ ಲಾಯಕ್ಕೆ ಕಳಿಸಿದರು.

1997ರ ಮಾರ್ಚಿನಲ್ಲಿ ಇಂಗ್ಲೆಂಡಿನ ಚೆಲ್ಟನಮ್ ರೇಸ್ ಹಬ್ಬದ ನಾವಿಸ್ ಹರ್ಡಲ್‌ನಲ್ಲಿ, ಅಂದರೆ ಹರ್ಡಲ್‌ಗೆ ಹೊಸಬ ಕುದುರೆಗಳ ರೇಸಿನಲ್ಲಿ, ಇಸ್ತಬ್ರಕ್ ಗೆದ್ದ. 1998ರ ಜನವರಿಯಲ್ಲಿ ಜಾನ್ ಡರ್ಕನ್ ತೀರಿಕೊಂಡರು, ಮೂವತ್ತೊಂದು ವರ್ಷ ಅಷ್ಟೇ. ಅದಾಗಿ ಎರಡು ತಿಂಗಳಿಗೆ ಅದೇ ಚೆಲ್ಟನಮ್ ಹಬ್ಬದ ದೊಡ್ಡ ಹರ್ಡಲ್ ರೇಸಾದ ಚಾಂಪಿಯನ್ ಹರ್ಡಲ್‌ನಲ್ಲಿ ಇಸ್ತಬ್ರಕ್ 12 ಲೆಂಗ್ತ್ (ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದ. 1932ರಿಂದ ಈಚೆಗೆ ಆ ರೇಸಿನಲ್ಲಿ ಅಷ್ಟು ದೊಡ್ಡ ಅಂತರ ಬಂದಿರಲಿಲ್ಲ. ಅಜ್ಜ ಈ ಭಾಗ ಹೇಳುವಾಗ ದನಿ ತಡೆದು ತಡೆದು ಬರುತ್ತಿತ್ತು.

1999ರಲ್ಲೂ ಗೆದ್ದ, 2000ದಲ್ಲೂ ಗೆದ್ದ. 2001ರಲ್ಲಿ ಕಾಲುಬಾಯಿ ಬೇನೆ ಬಂದು ಚೆಲ್ಟನಮ್ ಹಬ್ಬವೇ ನಡೆಯಲಿಲ್ಲ. ಆ ರೇಸಿನ ಚರಿತ್ರೆಯಲ್ಲಿ ಮೂರು ಸಲ ಗೆದ್ದ ಕುದುರೆಗಳು ಐದೇ: ಹ್ಯಾಟನ್ಸ್ ಗ್ರೇಸ್, ಸರ್ ಕೆನ್, ಪರ್ಷಿಯನ್ ವಾರ್, ಸೀ ಯು ದೆನ್, ಇಸ್ತಬ್ರಕ್. ನಾಲ್ಕು ಸಲ ಗೆದ್ದ ಕುದುರೆ ಇಲ್ಲವೇ ಇಲ್ಲ. 2001ರಲ್ಲಿ ಹಬ್ಬ ನಡೆದಿದ್ದರೆ ಇಸ್ತಬ್ರಕ್ ಆ ನಾಲ್ಕನೆಯದನ್ನೂ ಗೆಲ್ಲುತ್ತಿದ್ದ ಅನ್ನೋದು ನನ್ನ ನಂಬಿಕೆ. ನೀವೇನಂತೀರಿ?

ಕಡ್ಲೆಪುರಿ:

ಅಕ್ಕ, ಓದ್ತಾ ಗಂಟಲು ಕಟ್ಟಿತು. ನಾನು ಮೈಸೂರಿನವಳು. ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸನ್ನ ಬಸ್ಸಿನಿಂದ ನೋಡಿ ಗೊತ್ತೇ ಹೊರತು ಈ ಹರ್ಡಲ್ ಅಂದ್ರೆ ಏನು ಅಂತ ಸರಿಯಾಗಿ ಗೊತ್ತಿಲ್ಲ. ಒಲಿಂಪಿಕ್ಸ್‌ನಲ್ಲಿ ಕುದುರೆಗಳು ಬಣ್ಣದ ಕಂಬ ಹಾರ್ತಾವಲ್ಲ, ಅದೇನಾ? ಫ್ಲಾಟ್‌ನಲ್ಲಿ ವೇಗ ಸಾಲದ ಕುದುರೆ ಇಲ್ಲಿ ರಾಜ ಆಗೋದು ಹೇಗೆ?

ಲಾಯದ_ಹುಡುಗ:

ಇದಕ್ಕೆ ನಾನು ಹೇಳ್ತೀನಿ. ನಮ್ಮಪ್ಪ ಬೆಂಗಳೂರಲ್ಲಿ ಸೈಸ್ (ಕುದುರೆ ನೋಡ್ಕೊಳ್ಳೋರು) ಆಗಿದ್ರು, ನಾನು ಹದಿನೈದಕ್ಕೇ ರೈಡಿಂಗ್ ಬಾಯ್ ಆದೆ. ಈಗ ಏಳು ವರ್ಷದಿಂದ ಐರ್ಲೆಂಡಿನ ಕಿಲ್ಡೇರ್ ಕಡೆ ಒಂದು ಲಾಯದಲ್ಲಿ ಬೆಳಗಿನ ಕಸರತ್ತಿಗೆ ಕುದುರೆ ಹತ್ತೋದು ನನ್ನ ಕೆಲಸ. ನಮ್ಮ ಥರ ಭಾರತದಿಂದ ಬಂದ ಹುಡುಗ್ರು ಇಲ್ಲಿ ಸುಮಾರು ಜನ ಇದಾರೆ.

ತಂಗಿ, ಒಲಿಂಪಿಕ್ಸ್‌ನದು ಬೇರೆ. ಅಲ್ಲಿ ಕಂಬ ಬೀಳಿಸದೆ ದಾಟೋದು ಮುಖ್ಯ. ಇಲ್ಲಿ ಓಟವೇ ಮುಖ್ಯ, ಹಾರೋದು ಓಟದ ಒಂದು ಹೆಜ್ಜೆ. ಬೆಂಗಳೂರು, ಮೈಸೂರಲ್ಲಿ ನಾವು ನೋಡೋದು ಪೂರ್ತಿ ಫ್ಲಾಟ್, ದಾರಿಯಲ್ಲಿ ಅಡ್ಡ ಏನೂ ಇರಲ್ಲ. ಹರ್ಡಲ್ ಅಂದ್ರೆ ಮರದ ಚೌಕಟ್ಟಿನೊಳಗೆ ಬರಲಿನ ಕಡ್ಡಿ ಹೆಣೆದ ತಡಿಕೆ. ನಮ್ಮಲ್ಲಿ ಕುರಿ ರೊಪ್ಪಕ್ಕೆ ಅಡ್ಡ ಇಡ್ತಾರಲ್ಲ, ಹುಟ್ಟಿದ್ದೇ ಅದರಿಂದ, ಇಂಗ್ಲೆಂಡಲ್ಲೂ ಕುರಿ ತಡಿಕೆಯೇ ಅದು. ಕಾಲನ್ನ ನೆಲಕ್ಕೆ ಹೊಡೆದು, ಓಡೋ ದಿಕ್ಕಿಗೆ ಸ್ವಲ್ಪ ವಾಲಿಸಿ ನಿಲ್ಲಿಸ್ತಾರೆ. ಎತ್ತರ ಮೂರೂವರೆ ಅಡಿ. ಕುದುರೆ ಕಾಲು ತಾಗಿದ್ರೆ ಬಾಗುತ್ತೆ. ಸ್ಟೀಪಲ್‌ಚೇಸ್ ಅಂತ ಇನ್ನೊಂದು ಥರದ ಹಾರೋ ರೇಸಿದೆ, ಅದರ ಬೇಲಿಗಳು ಇದಕ್ಕಿಂತ ಒಂದಡಿ ಎತ್ತರ, ಗಟ್ಟಿ, ಅವು ಬಾಗಲ್ಲ.

ಚಾಂಪಿಯನ್ ಹರ್ಡಲ್ ಅಂದ್ರೆ ಎರಡು ಮೈಲಿಗಿಂತ ಸ್ವಲ್ಪ ಹೆಚ್ಚು ದೂರ, ಎಂಟು ಹರ್ಡಲ್, ಕೊನೇಲಿ ಏರು. ಚೆಲ್ಟನಮ್‌ನ ಆ ಏರು ಟಿವಿಯಲ್ಲಿ ಕಾಣಲ್ಲ. ಒಮ್ಮೆ ನಡ್ಕೊಂಡು ಹತ್ತಿದೀನಿ, ಬರೀ ನಡಿಗೆಗೇ ತೊಡೆ ಬಿಗೀತು.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಫ್ಲಾಟ್ ಕುದುರೆಗೆ ಕೊನೇ ಎರಡು ಫರ್ಲಾಂಗಲ್ಲಿ ಚಿಮ್ಮೋ ಶಕ್ತಿ ಬೇಕು. ಹರ್ಡಲ್ ಕುದುರೆಗೆ ಆ ಚಿಮ್ಮು ಸ್ವಲ್ಪ ಕಡಿಮೆ ಇದ್ರೂ ನಡೆಯುತ್ತೆ, ಆದರೆ ಓಡೋ ವೇಗ ಕಳ್ಕೊಳ್ಳದೆ ಹಾರೋದು ಬರಬೇಕು. ಹೊಸ ಕುದುರೆ ಹರ್ಡಲ್ ಕಂಡ ತಕ್ಷಣ ಬೆನ್ನು ಕಮಾನು ಮಾಡಿ ಮೇಲಕ್ಕೆ ಹಾರುತ್ತೆ, ಇಳಿದ ಮೇಲೆ ಮತ್ತೆ ವೇಗ ಕೂಡಿಸ್ಕೋಬೇಕು. ಪಳಗಿದ್ದು ಹಾಗಲ್ಲ, ದೂರದಿಂದಲೇ ಹೆಜ್ಜೆ ಲೆಕ್ಕ ಹಾಕಿ ಚಪ್ಪಟೆಯಾಗಿ ಜಾರಿದಂಗೆ ದಾಟಿ, ನೆಲ ಮುಟ್ಟೋವಾಗಲೇ ಓಡ್ತಿರುತ್ತೆ. ಒಂದೊಂದು ಹರ್ಡಲ್‌ಗೆ ಅರ್ಧ ಲೆಂಗ್ತ್ ಉಳಿಸಿದ್ರೂ ಎಂಟಕ್ಕೆ ನಾಲ್ಕು ಲೆಂಗ್ತ್ ಆಯ್ತಲ್ಲ. ಇಸ್ತಬ್ರಕ್‌ನ ಹಳೆ ವಿಡಿಯೊಗಳನ್ನ ನಮ್ಮ ಲಾಯದ ಊಟದ ಕೋಣೆಯಲ್ಲಿ ನೋಡಿದೀನಿ. 1998, 99ರಲ್ಲಿ ಅವನು ಹರ್ಡಲ್‌ಗಳನ್ನ ಹಾರಿದ್ದೇ ಗೊತ್ತಾಗಲ್ಲ, ಗೆರೆ ದಾಟಿದಂಗಿದೆ.

ಅಂಕಿಅಂಶ:

ಒಳ್ಳೆ ಥ್ರೆಡ್. ಆದರೆ ಮೇಡಂ, ಮೂಲ ಪ್ರಶ್ನೆಗೆ ನಾನು ‘ಇಲ್ಲ’ ಅನ್ನೋ ಪಕ್ಷ. ಅಭಿಮಾನಕ್ಕೆ ನೋವಾದರೆ ಕ್ಷಮಿಸಿ.

ಹರ್ಡಲ್‌ನಲ್ಲಿ ಇಸ್ತಬ್ರಕ್ ಓಡಿದ್ದು 29 ರೇಸ್, ಗೆದ್ದದ್ದು 23. ಅಷ್ಟಕ್ಕೂ ಜಾಕಿ ಒಬ್ಬರೇ, ಚಾರ್ಲಿ ಸ್ವಾನ್. ಗೆದ್ದದ್ದನ್ನ ಎಲ್ಲರೂ ಬರೀತಾರೆ, ನಾನು ಸೋತ ಆರನ್ನ ಬರೀತೀನಿ, ಯಾಕಂದ್ರೆ ಉತ್ತರ ಅದರಲ್ಲಿದೆ. ಮೊದಲನೆಯದು 1996ರ ನವೆಂಬರಿನಲ್ಲಿ ಪಂಚಸ್‌ಟೌನ್‌ನಲ್ಲಿ, ಹರ್ಡಲ್‌ನ ಮೊಟ್ಟಮೊದಲ ಓಟ, ಒಂದು ತಲೆ ಅಂತರ. ಆಮೇಲೆ ಸಾಲಾಗಿ ಹತ್ತು ಗೆಲುವು. ಎರಡನೆಯದು 1998ರ ಏಪ್ರಿಲ್, ಇಂಗ್ಲೆಂಡಿನ ಏಂಟ್ರಿ ಕೋರ್ಸಿನಲ್ಲಿ ಪ್ರಿಡ್ವೆಲ್ ಅನ್ನೋ ಕುದುರೆ ಎದುರು. ಮಳೆಗೆ ಕೆಸರಾಗಿದ್ದ ನೆಲ, ಎರಡೂವರೆ ಮೈಲಿ, ಪ್ರಿಡ್ವೆಲ್ ಮೇಲೆ ಟೋನಿ ಮೆಕಾಯ್. ಅಲ್ಲೂ ತಲೆ ಅಂತರವೇ. ಮೂರನೆಯದು 1999ರ ನವೆಂಬರಿನಲ್ಲಿ ಫೇರಿಹೌಸ್‌ನಲ್ಲಿ, ಲೈಮ್‌ಸ್ಟೋನ್ ಲ್ಯಾಡ್ ಎದುರು. ಮೂರಲ್ಲೂ ಎರಡನೇ ಸ್ಥಾನ.

ಮುಂದಿನದನ್ನ ನೋಡಿ. 2000ದ ಡಿಸೆಂಬರಿನಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ ಕೊನೇ ಹರ್ಡಲ್‌ನಲ್ಲಿ ಬಿದ್ದ. 2001ರ ವಸಂತದಲ್ಲಿ ಅದೇ ಕೋರ್ಸಿನಲ್ಲಿ ಮತ್ತೆ ಕೊನೇ ಹರ್ಡಲ್‌ನಲ್ಲಿ ಬಿದ್ದ. ಎರಡೂ ಸಲ ಗೆದ್ದದ್ದು ಮಾಸ್ಕೋ ಫ್ಲೈಯರ್. ನಡುವೆ ಜನವರಿಯಲ್ಲಿ ಐರಿಷ್ ಚಾಂಪಿಯನ್ ಹರ್ಡಲ್ ಗೆದ್ದನಲ್ಲ ಅಂತೀರಿ. ಹೌದು, ಐರ್ಲೆಂಡಿನ ಆ ರೇಸಿನಲ್ಲಿ (ಚೆಲ್ಟನಮ್‌ನದಲ್ಲ) ಅದು ನಾಲ್ಕನೇ ಗೆಲುವು. ಆದರೆ ಆವತ್ತು ಬಿದ್ದದ್ದು ಮಾಸ್ಕೋ ಫ್ಲೈಯರ್. ಅಂದರೆ ಆ ಚಳಿಗಾಲದಲ್ಲಿ ಇಬ್ಬರೂ ಕೊನೇವರೆಗೆ ನಿಂತು ಎದುರಾದದ್ದೇ ಇಲ್ಲ. 2001ರ ಮಾರ್ಚಿನ ಹಿಂದೆ ಒಂದು ಬೀಳು, ಮುಂದೆ ಒಂದು ಬೀಳು. ಇದನ್ನ ನೋಡಿಯೂ ಗೆದ್ದೇ ಗೆಲ್ಲುತ್ತಿದ್ದ ಅಂತ ಹೇಗೆ ಹೇಳೋದು?

ಆರನೆಯದು 2002. ಅದರ ಬಗ್ಗೆ ನೀವೇ ಬರೀತೀರಿ ಅಂತ ಬಿಟ್ಟಿದೀನಿ.

ಗೋಡಾಕ್ಟ್ರು:

ನಾನು ಹಾಸನ ಜಿಲ್ಲೆಯಲ್ಲಿ ಪಶುವೈದ್ಯ. ರೇಸಿನ ಬಗ್ಗೆ ತಿಳಿದದ್ದು ಕಡಿಮೆ, ಕಾಲುಬಾಯಿ ಬೇನೆಯ ಜೊತೆ ಮಾತ್ರ ಇಡೀ ನೌಕರಿ ಕಳೆದಿದ್ದೇನೆ. ಕುದುರೆಗೆ ಬರದ ರೋಗಕ್ಕೆ ಕುದುರೆ ರೇಸ್ ಯಾಕೆ ನಿಲ್ಲಬೇಕು ಅಂತ ಕೆಲವರಿಗೆ ಅನ್ನಿಸಬಹುದು, ಅದಕ್ಕೆ ಈ ನಾಲ್ಕು ಮಾತು.

ಈ ಬೇನೆ ಬರೋದು ಸೀಳು ಗೊರಸಿನ ಪ್ರಾಣಿಗಳಿಗೆ: ದನ, ಎಮ್ಮೆ, ಕುರಿ, ಮೇಕೆ, ಹಂದಿ. ಕುದುರೆಯದು ಒಂಟಿ ಗೊರಸು, ಅದಕ್ಕೆ ತಗಲುವುದಿಲ್ಲ. ಆದರೆ ವೈರಾಣು ಗೊರಸಿನ ಮಣ್ಣಿನಲ್ಲಿ, ಲಾರಿಯ ಚಕ್ರದಲ್ಲಿ, ನೋಡಲು ಬಂದವರ ಬೂಟಿನಲ್ಲಿ ಕೂತು ಹೋಗುತ್ತದೆ. ನಮ್ಮಲ್ಲಿ ಬೇನೆ ಬಂದ ಕಾಲದಲ್ಲಿ ಜಾನುವಾರು ಜಾತ್ರೆ, ಸಂತೆ ನಿಲ್ಲಿಸುವುದೂ ಇದೇ ಕಾರಣಕ್ಕೆ. ಚೆಲ್ಟನಮ್ ಹಬ್ಬಕ್ಕೆ ಹಳ್ಳಿಗಾಡಿನ ರೈತರೇ ಸಾವಿರಗಟ್ಟಲೆ ಸೇರುತ್ತಾರೆ. ಅಲ್ಲಿಂದ ಒಬ್ಬೊಬ್ಬರೂ ತಮ್ಮ ಕೊಟ್ಟಿಗೆಗೆ ವಾಪಸ್ ಹೋಗುತ್ತಾರೆ.

ಬ್ರಿಟನ್ನಿನಲ್ಲಿ 2001ರ ಫೆಬ್ರುವರಿಯಲ್ಲಿ ರೋಗ ಪತ್ತೆಯಾಯಿತು. ಅಲ್ಲಿ ಲಸಿಕೆ ಹಾಕಲಿಲ್ಲ, ಕೊಂದು ತಡೆಯುವ ದಾರಿ ಹಿಡಿದರು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಚೆಲ್ಟನಮ್ ಕೋರ್ಸಿನ ಹುಲ್ಲಿನಲ್ಲಿ ಕುರಿ ಮೇಯ್ದಿದ್ದವು ಅಂತ ಹಬ್ಬವನ್ನು ಮೊದಲು ಏಪ್ರಿಲ್‌ಗೆ ಮುಂದೂಡಿದರು. ಅಷ್ಟರಲ್ಲಿ ಹತ್ತಿರದಲ್ಲೇ ಒಂದು ಪ್ರಕರಣ ಬಂತು, ಪೂರ್ತಿ ಕೈಬಿಟ್ಟರು. ಐರ್ಲೆಂಡಿನಲ್ಲಿ ಸಿಕ್ಕಿದ್ದು ಲೌತ್ ಕೌಂಟಿಯ ಒಂದೇ ಪ್ರಕರಣ. ಅಷ್ಟಕ್ಕೇ ಅಲ್ಲೂ ವಾರಗಟ್ಟಲೆ ರೇಸ್ ನಿಂತವು. ಹಸು ಸಾಕಿ ಬದುಕುವ ದೇಶ, ಸರಿಯಾಗೇ ಮಾಡಿದರು. ಬಾಯಲ್ಲಿ ಹುಣ್ಣಾಗಿ, ಮುಂದೆ ಹಸಿ ಹುಲ್ಲು ಇದ್ದರೂ ತಿನ್ನಲಾರದೆ ಜೊಲ್ಲು ಸುರಿಸುತ್ತಾ ನಿಂತ ಹಸುವನ್ನು ಒಮ್ಮೆ ನೋಡಿದವರು ಆ ನಿರ್ಧಾರವನ್ನು ತಪ್ಪು ಅನ್ನಲಾರರು.

ಹಸಿರು_ಬಂಗಾರ:

ಡಾಕ್ಟ್ರೇ, ತುಂಬಾ ಧನ್ಯವಾದ. ಆ ಅಜ್ಜನೂ ಇದೇ ಮಾತು ಹೇಳಿದ್ದರು. ಆ ವಸಂತದಲ್ಲಿ ಅವರ ಮನೆ ಗೇಟಿನ ಮುಂದೆ ಔಷಧಿ ನೀರಲ್ಲಿ ನೆನೆಸಿದ ಚಾಪೆ ಹಾಸಿದ್ದರಂತೆ, ಚರ್ಚಿಗೆ ಹೋಗಿ ಬಂದರೂ ಅದರ ಮೇಲೆ ಬೂಟು ಒರೆಸಿಯೇ ಒಳಗೆ. ಇಸ್ತಬ್ರಕ್‌ನ ನಾಲ್ಕನೇ ಕಪ್ಪು ಹೋಯ್ತಲ್ಲ ಅಂತ ಬೇಜಾರಾಗಲಿಲ್ವಾ ಅಂದರೆ, ಹಸುಗಳು ಉಳಿದವಲ್ಲಮ್ಮ ಅಂದಿದ್ದರು.

ಅಂಕಿಅಂಶ ಸರ್, ಕ್ಷಮೆ ಯಾಕೆ. ನಿಮ್ಮ ಲೆಕ್ಕ ಸರಿಯಾಗಿದೆ. ಆದರೂ ಒಂದು ಮಾತು: ಇಸ್ತಬ್ರಕ್ ಆ ಎರಡು ಸಲ ಬಿದ್ದದ್ದು ಲೆಪರ್ಡ್ಸ್‌ಟೌನ್‌ನಲ್ಲಿ. ಚೆಲ್ಟನಮ್‌ನಲ್ಲಿ ಅವನು ಒಮ್ಮೆಯೂ ಬಿದ್ದಿಲ್ಲ.

ಬೀದರ್_ಬಿದ್ರಿ:

ಹೆಸರಿನ ಬಗ್ಗೆ ಯಾರೂ ಬರೆದಿಲ್ಲವಲ್ಲ. ಇಸ್ತಬ್ರಕ್ ಅರಬ್ಬಿ ಪದ, ಅರಬ್ಬಿಗೆ ಬಂದದ್ದು ಪಾರಸಿಯಿಂದ. ದಪ್ಪನೆಯ ನೇಯ್ಗೆಯ ರೇಷ್ಮೆ, ಕಿಂಕಾಪು ಅಂತೀವಲ್ಲ, ಆ ಜಾತಿಯದು. ಕುರಾನಿನಲ್ಲಿ ಸ್ವರ್ಗದವರ ಉಡುಪನ್ನ ಹೇಳುವಲ್ಲಿ ಈ ಪದ ಬರುತ್ತೆ. ಸಣ್ಣವನಿದ್ದಾಗ ಮದರಸಾದಲ್ಲಿ ಕಲಿತ ಪದ, ಐರ್ಲೆಂಡಿನ ರೈತರೊಬ್ಬರು ಡ್ರಾಯರಿನಲ್ಲಿ ಮಡಿಸಿಟ್ಟಿದ್ದರು ಅಂತ ಓದಿ ಮೈ ಜುಮ್ಮೆಂದಿತು. ಕಂದು ಮೈಯ ಹೊಳಪು ನೋಡಿ ಇಟ್ಟ ಹೆಸರಿರಬಹುದು ಅಂತ ನನ್ನ ಊಹೆ.

ಧಾರವಾಡದಾಕಿ:

ಎಲ್ಲಾರೂ ಛಲೋ ಬರದೀರಿ. ಆದ್ರ ನನಗೊಂದು ಮಾತು ಕೇಳಬೇಕನಸ್ತೈತಿ, ಸಿಟ್ಟಾಗಬ್ಯಾಡ್ರಿ.

ಈ ಕುದುರಿ ಬಗ್ಗೆ ಓದಕೋಂತ ಹೋದೆ. 2000ದ ಚಾಂಪಿಯನ್ ಹರ್ಡಲ್‌ದ ಹಿಂದಿನ ದಿನ ಇಸ್ತಬ್ರಕ್‌ನ ಮೂಗಿನ್ಯಾಗ ರಕ್ತ ಕಂಡಿತ್ತಂತ. ಆದರೂ ಮರುದಿನ ಓಡಿಸಿದ್ರು. ಗೆದ್ದ ಅಂತ ಎಲ್ಲಾರೂ ಚಪ್ಪಾಳಿ ಹೊಡದ್ರು. ಬಿದ್ದಿದ್ರ? ಸತ್ತಿದ್ರ? ಅದಕ್ಕ ‘ನಾ ಒಲ್ಲೆ’ ಅನ್ನಾಕ ಬಾಯಿ ಐತೇನು? 2002ರಾಗ ಇದೇ ರೇಸಿನ್ಯಾಗ ವ್ಯಾಲಿರಮಿಕ್ಸ್ ಅನ್ನೋ ಕುದುರಿ ಮುಂದಿನ ಕುದುರಿ ಕಾಲಿಗೆ ಕಾಲು ತಾಗಿ ಬಿದ್ದು ಸತ್ತೇ ಹೋತು. ಅದರ ಹೆಸರು ಈ ಥ್ರೆಡ್‌ನ್ಯಾಗ ಯಾರೂ ತಗೊಂಡಿಲ್ಲ. ಗೆದ್ದ ಕುದುರಿ ಚಿತ್ರ ಡ್ರಾಯರಿನ್ಯಾಗ ಇಡತೀವಿ. ಸತ್ತದ್ದರದು?

ನಮ್ಮಪ್ಪ ಎತ್ತು ಸಾಕಿದಾಂವ. ಎತ್ತಿನ ಹೆಗಲು ಬಾತಿದ್ರ ಬಿತ್ತಿಗಿ ದಿನಾನೂ ನೊಗ ಹೂಡತಿರಲಿಲ್ಲ. ಅದಕ್ಕ ಕೇಳಾಕತ್ತೀನಿ.

ಹಸಿರು_ಬಂಗಾರ:

ಅಕ್ಕ, ಸಿಟ್ಟು ಯಾಕೆ ಬರುತ್ತೆ? ಕೇಳಬೇಕಾದ ಮಾತನ್ನೇ ಕೇಳಿದ್ದೀರಿ. ಉತ್ತರ ಹೊಂದಿಸೋಕೆ ಎರಡು ದಿನ ಬೇಕಾಯ್ತು.

2000ದ ಬಗ್ಗೆ ಮೊದಲು. ಮೂಗಿನ ಹೊಳ್ಳೆಯಲ್ಲಿ ರಕ್ತ ಕಂಡದ್ದು ನಿಜ. ಲಾಯದವರು ಹೆದರಿದ್ದರು, ಓಡಿಸಬೇಕೋ ಬೇಡವೋ ಅನ್ನೋ ಮಾತು ನಡೆದು ಕೊನೆಗೆ ಓಡಿಸಿದರು. 3 ನಿಮಿಷ 48.1 ಸೆಕೆಂಡಿನಲ್ಲಿ, ಆವರೆಗಿನ ದಾಖಲೆ ಮುರಿದು ಗೆದ್ದ. ಆದರೆ ಗೆದ್ದ ಅನ್ನೋದು ಓಡಿಸಿದ್ದು ಸರಿ ಅನ್ನೋದಕ್ಕೆ ಸಾಕ್ಷಿ ಆಗಲ್ಲ. ನಾನೂ ನರ್ಸು. ರೋಗಿಯ ನಾಡಿ ಏರುಪೇರಾದಾಗ ‘ನಾಳೆ ನೋಡೋಣ’ ಅಂದು, ಮರುದಿನ ಏನೂ ಆಗಿಲ್ಲ ಅಂತ ಕಂಡರೆ, ಹಿಂದಿನ ದಿನದ ತೀರ್ಮಾನ ಸರಿಯಾಗಿತ್ತು ಅಂತ ಅರ್ಥ ಅಲ್ಲ. ಆ ಗೆಲುವನ್ನ ನಾನು ನೋಡುವಾಗಲೂ ಹೊಟ್ಟೆಯೊಳಗೆ ಸ್ವಲ್ಪ ಬಿಗಿಯಾಗುತ್ತೆ. ಇದನ್ನ ಈವರೆಗೆ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಈಗ 2002. ಮೊದಲ ಪೋಸ್ಟಿನಲ್ಲಿ ನಾನು ಅದನ್ನ ಬಿಟ್ಟದ್ದು ತಪ್ಪು. ಇಸ್ತಬ್ರಕ್‌ಗೆ ಆಗ ಹತ್ತು ವರ್ಷ, ಹಿಂದಿನ ಡಿಸೆಂಬರಿನಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ ಕಷ್ಟಪಟ್ಟು ಗೆದ್ದಿದ್ದ. ಆದರೂ ಚೆಲ್ಟನಮ್‌ನಲ್ಲಿ ಅವನೇ ಫೇವರಿಟ್. ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಜನ, ಮನೆಯಲ್ಲಿ ಟಿವಿ ಮುಂದೆ ಕೂತ ಜನ, ದುಡ್ಡು ಕಟ್ಟಿದವರು, ಕಟ್ಟದವರು, ಎಲ್ಲರಿಗೂ ಒಂದೇ ಆಸೆ. ರೇಸ್ ಶುರುವಾಯ್ತು. ಮೊದಲ ಹರ್ಡಲ್, ಎರಡನೇ ಹರ್ಡಲ್. ಕುದುರೆಯ ನಡೆ ಸರಿಯಿಲ್ಲ ಅಂತ ಚಾರ್ಲಿ ಸ್ವಾನ್‌ಗೆ ಕೂತಲ್ಲೇ ತಿಳಿಯಿತು. ಲಗಾಮು ಎಳೆದರು. ನಿಲ್ಲಿಸಿಬಿಟ್ಟರು. ಇನ್ನು ಆರು ಹರ್ಡಲ್ ಇತ್ತು.

ಆ ವಿಡಿಯೊ ಹಾಕಿ, ಕಣ್ಣು ಮುಚ್ಚಿ ಬರೀ ಸದ್ದು ಕೇಳಿ. ಫೇವರಿಟ್ ಕುದುರೆ ನಿಂತರೆ ಗ್ಯಾಲರಿಯಿಂದ ಬರೋದು ಸಾಮಾನ್ಯವಾಗಿ ನಿಟ್ಟುಸಿರು, ಬೈಗುಳ. ಆವತ್ತು ಬಂದದ್ದು ಚಪ್ಪಾಳೆ. ದುಡ್ಡು ಕಳೆದುಕೊಂಡ ಜನ, ಕುದುರೆ ಕ್ಷೇಮವಾಗಿ ನಿಂತಿತಲ್ಲ ಅಂತ ಚಪ್ಪಾಳೆ ತಟ್ಟಿದರು. ಉಳಿದ ಕುದುರೆಗಳು ಇನ್ನೂ ಓಡುತ್ತಿವೆ, ರೇಸ್ ಮುಗಿದಿಲ್ಲ, ಜನ ನಿಂತ ಕುದುರೆಗೆ ಚಪ್ಪಾಳೆ ತಟ್ಟುತ್ತಿದ್ದಾರೆ.

ಅದೇ ರೇಸಿನಲ್ಲಿ ವ್ಯಾಲಿರಮಿಕ್ಸ್ ಸತ್ತಿತು. ಚೆನ್ನಾಗಿ ಓಡುತ್ತಿದ್ದ ಕುದುರೆ. ಅಕ್ಕ, ನೀವು ಆ ಹೆಸರು ತೆಗೆದದ್ದು ಒಳ್ಳೆಯದಾಯ್ತು. ಈ ಆಟದ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಇಸ್ತಬ್ರಕ್‌ನ ಕಥೆ ಹೇಳುವಾಗ ಇನ್ನು ಮುಂದೆ ಆ ಹೆಸರನ್ನ ಬಿಡಲ್ಲ.

ಲಾಯದ_ಹುಡುಗ:

ನಿಲ್ಲಿಸೋದು ಎಷ್ಟು ಕಷ್ಟ ಅಂತ ಹತ್ತಿದವರಿಗೇ ಗೊತ್ತು. ಬೆಳಗಿನ ಕಸರತ್ತಿನಲ್ಲೇ, ಯಾರೂ ನೋಡದಾಗಲೇ ಕಷ್ಟ. ಹೋದ ಚಳಿಗಾಲ ನಾನು ಹತ್ತಿದ್ದ ಒಂದು ಮರಿ, ನೋಡೋಕೆ ಸಲೀಸಾಗೇ ಓಡ್ತಿತ್ತು. ಆದರೆ ತಡಿಯ ಕೆಳಗೆ ಎಡಗಡೆ ಬೆನ್ನು ಪ್ರತಿ ಹೆಜ್ಜೆಗೂ ಒಂದು ಕೂದಲೆಳೆಯಷ್ಟು ಗಟ್ಟಿಯಾಗ್ತಿತ್ತು. ಎರಡು ಕಾಲೂ ಸಮ ಬೀಳೋ ಬದಲು ಒಂದು ಸ್ವಲ್ಪ ಬೇಗ ಎತ್ತಿದಂಗೆ. ನಿಲ್ಲಿಸಿ ಇಳಿದೆ. ಟ್ರೈನರ್ ಬಂದು ನಡೆಸಿ ನೋಡಿದ್ರು, ಏನೂ ಕಾಣಲಿಲ್ಲ, ನನ್ನ ಮುಖ ನೋಡಿದ್ರು. ಮರುದಿನ ಬೆಳಗ್ಗೆ ಆ ಕಾಲು ಕುಂಟ್ತಿತ್ತು. ಮೂರು ಜನ ನಿಂತು ನೋಡೋ ಜಾಗದಲ್ಲೇ ನನ್ನ ಕೈ ನಡುಗಿತ್ತು. ಸ್ವಾನ್ ಐರ್ಲೆಂಡಿನಲ್ಲಿ ಒಂಬತ್ತು ಸಲ ಚಾಂಪಿಯನ್ ಜಾಕಿ ಆದವರು. ಸಾವಿರಾರು ಜನರ ಎದುರು, ಗೆದ್ದರೆ ಚರಿತ್ರೆ ಆಗೋ ರೇಸಿನಲ್ಲಿ, ಎರಡೇ ಹರ್ಡಲ್‌ಗೆ ಎಳೆದರು. 29 ರೇಸಲ್ಲೂ ಅದೇ ಬೆನ್ನಿನ ಮೇಲೆ ಕೂತವರಿಗೆ ಮಾತ್ರ ಅಷ್ಟು ಬೇಗ ತಿಳಿಯುತ್ತೆ.

ಧಾರವಾಡದ ಅಕ್ಕ, ಕುದುರೆಗೆ ಬಾಯಿಲ್ಲ ಅಂದ್ರಿ. ಬಾಯಿಲ್ಲ, ಬೆನ್ನಿದೆ. ಕೂತವರು ಕೇಳಿಸ್ಕೋಬೇಕು. ಎಲ್ಲರೂ ಕೇಳಿಸ್ಕೊಳ್ಳಲ್ಲ, ಅದೂ ನಿಜ. ನಾನೇ ಕಣ್ಣಾರೆ ನೋಡಿದೀನಿ.

ಧಾರವಾಡದಾಕಿ:

ತಮ್ಮಾ, ನೀ ಬರದದ್ದು ಎರಡ ಸಲ ಓದಿದೆ. ನನ್ನ ಮನಸ್ಸು ಪೂರ್ತಿ ಒಪ್ಪವಲ್ದು, ಆದ್ರ ಆ ಚಪ್ಪಾಳಿ ವಿಡಿಯೊ ನೋಡಿ ಕಣ್ಣಾಗ ನೀರು ಬಂತು. ನಿನ್ನಂಥಾವ್ರು ಲಾಯದಾಗ ಇರಬೇಕು.

ಅಂಕಿಅಂಶ:

2001ರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ 2025ರ ಮಾರ್ಚಿನಲ್ಲಿ ನಡೆದದ್ದನ್ನ ನೋಡಿದ ಮೇಲೆ ‘ಗೆದ್ದೇ ಗೆಲ್ಲುತ್ತಿದ್ದ’, ‘ಸೋತೇ ಸೋಲುತ್ತಿದ್ದ’ ಎರಡನ್ನೂ ಹೇಳೋಕೆ ಧೈರ್ಯ ಸಾಲದು. ಆ ವರ್ಷ ಚಾಂಪಿಯನ್ ಹರ್ಡಲ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಎಲ್ಲರ ಆಸೆಯ ಕುದುರೆ, ಅದು ನಡುವೆಯೇ ಬಿದ್ದಿತು. ಹಿಂದಿನ ವರ್ಷದ ಚಾಂಪಿಯನ್ ಸ್ಟೇಟ್ ಮ್ಯಾನ್ ಮುಂದೆ ಬಂದು ಗೆಲ್ಲುವ ಹೊತ್ತಿಗೆ ಕೊನೇ ಹರ್ಡಲ್‌ನಲ್ಲಿ ಬಿದ್ದಿತು. ಗೆದ್ದದ್ದು ಗೋಲ್ಡನ್ ಏಸ್ ಅನ್ನೋ ಹೆಣ್ಣು ಕುದುರೆ. ಮೂರೂವರೆ ಅಡಿ ತಡಿಕೆ ಏನು ಬೇಕಾದರೂ ಮಾಡುತ್ತೆ.

ದೊಡ್ಡ ಕುದುರೆ ಯಾವುದು ಅನ್ನೋ ಪ್ರಶ್ನೆಗೆ ಹರಿಕೇನ್ ಫ್ಲೈ ಹೆಸರೂ ಬರಬೇಕು. 22 ಗ್ರೇಡ್ ಒನ್ (ಎಲ್ಲಕ್ಕಿಂತ ಮೇಲಿನ ದರ್ಜೆಯ ರೇಸ್) ಗೆಲುವು, ಐರಿಷ್ ಚಾಂಪಿಯನ್ ಹರ್ಡಲ್ ಸಾಲಾಗಿ ಐದು ವರ್ಷ, ಇಸ್ತಬ್ರಕ್‌ಗಿಂತ ಒಂದು ಹೆಚ್ಚು. ಚೆಲ್ಟನಮ್‌ನಲ್ಲಿ ಎರಡು ಸಲ, 2011 ಮತ್ತು 2013. ಅಂಕಿ ಮಾತ್ರ ನೋಡಿದರೆ ವಾದಕ್ಕೆ ಜಾಗ ಇದೆ. ಆದರೂ ನಾನು ಓಟು ಹಾಕೋದು ಇಸ್ತಬ್ರಕ್‌ಗೇ, ಆ 12 ಲೆಂಗ್ತ್‌ಗಾಗಿ.

ಕಡ್ಲೆಪುರಿ:

ಅಕ್ಕ, ನಿವೃತ್ತಿ ಆದ ಮೇಲೆ ಎಲ್ಲಿದ್ದ? ಮರಿಗಳು ಇದಾವಾ?

ಹಸಿರು_ಬಂಗಾರ:

ಮರಿಗಳಿಲ್ಲ ಪುಟ್ಟಿ. ಅವನು ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಗಂಡು. ಜಂಪಿಂಗ್ ರೇಸಿನ ಗಂಡುಗಳೆಲ್ಲ ಹೆಚ್ಚುಕಮ್ಮಿ ಹಾಗೇ. ಅದಕ್ಕೇ ಇಲ್ಲಿಯವರು ಅಷ್ಟು ಹಚ್ಚಿಕೊಳ್ಳುತ್ತಾರೆ. ಒಳ್ಳೆಯ ಫ್ಲಾಟ್ ಕುದುರೆ ಮೂರು, ನಾಲ್ಕು ವರ್ಷಕ್ಕೆ ಬೀಜದ ಕುದುರೆಯಾಗಿ ಹೋಗಿಬಿಡುತ್ತೆ. ಹರ್ಡಲ್ ಕುದುರೆ ವರ್ಷ ವರ್ಷ ಚಳಿಗಾಲಕ್ಕೆ ವಾಪಸ್ ಬರುತ್ತೆ, ನೆಂಟರು ಬಂದಂಗೆ.

2002ರ ನಂತರ ಅವನು ಇದ್ದದ್ದು ಲಿಮರಿಕ್ ಕೌಂಟಿಯ ಮಾರ್ಟಿನ್‌ಸ್ಟೌನ್‌ನಲ್ಲಿ, ಮೆಕ್‌ಮ್ಯಾನಸ್ ಅವರ ಹುಲ್ಲುಗಾವಲಿನಲ್ಲಿ. ಇಪ್ಪತ್ತೆರಡು ವರ್ಷ. ಓಡಿದ ಕಾಲಕ್ಕಿಂತ ಮೇಯ್ದ ಕಾಲವೇ ಎಷ್ಟೋ ಹೆಚ್ಚು. 2024ರ ಜುಲೈನಲ್ಲಿ ತೀರಿಕೊಂಡ, 32 ವರ್ಷಕ್ಕೆ. ಕುದುರೆಗೆ ಅದು ತುಂಬು ಆಯಸ್ಸು. ಪಂಚಸ್‌ಟೌನ್‌ನಲ್ಲಿ ಪ್ರತಿ ಚಳಿಗಾಲ ಜಾನ್ ಡರ್ಕನ್ ಹೆಸರಿನಲ್ಲಿ ಒಂದು ಸ್ಟೀಪಲ್‌ಚೇಸ್ ನಡೆಯುತ್ತೆ. ನಾನು ರಜೆ ಸಿಕ್ಕಾಗೆಲ್ಲ ಹೋಗ್ತೀನಿ.

ಮೊದಲ ಪೋಸ್ಟಿನ ಪ್ರಶ್ನೆಗೆ ಈಗ ನನ್ನ ಹತ್ತಿರ ಹಳೇ ಹಠ ಇಲ್ಲ. ಅಂಕಿಅಂಶ ಸರ್ ಹೇಳಿದ ಎರಡು ಬೀಳುಗಳನ್ನ ಮತ್ತೆ ನೋಡಿದೆ. ಎರಡರಲ್ಲೂ ಹರ್ಡಲ್‌ಗೆ ಮುಂಚಿನ ಹೆಜ್ಜೆಯಲ್ಲಿ ಏನೋ ತಪ್ಪುತ್ತೆ. 1998ರ ಕುದುರೆಗೆ ಆ ಹೆಜ್ಜೆ ತಪ್ಪುತ್ತಿರಲಿಲ್ಲ.

ಲಾಯದ_ಹುಡುಗ:

ಹೌದಕ್ಕ, ನಾನೂ ಅದನ್ನೇ ನೋಡಿದೆ. ಎರಡು ಹೆಜ್ಜೆ ಹಾಕೋ ಜಾಗದಲ್ಲಿ ಒಂದಕ್ಕೇ ಹೋಗ್ತಾನೆ. ವಯಸ್ಸಾದ ಕುದುರೆಗಳು ಹಾಗೆ ಮಾಡ್ತಾವೆ, ಮನಸ್ಸು ಹಳೇ ಹೆಜ್ಜೆ ಅಳೆಯುತ್ತೆ, ಕಾಲು ಅಷ್ಟು ದೂರ ಬರಲ್ಲ.

ಕಡ್ಲೆಪುರಿ:

1998ರ ರೇಸನ್ನ ಅಮ್ಮನ ಜೊತೆ ಕೂತು ನೋಡಿದೆ. ಕೊನೇ ಹರ್ಡಲ್ ದಾಟಿದ ಮೇಲೆ ಅವನ ಹಿಂದೆ ಯಾರೂ ಕಾಣ್ಲೇ ಇಲ್ಲ, ಬರೀ ಹಸಿರು. ‘ಇನ್ನುಳಿದೋವು ಎಲ್ಲಿ?’ ಅಂತ ಅಮ್ಮ ಕೇಳಿದ್ರು.

ಲೈಮ್‌ಸ್ಟೋನ್ ಲ್ಯಾಡ್ ಬಗ್ಗೆಯೂ ಬರೀತೀರಾ ಅಕ್ಕ? ಇಸ್ತಬ್ರಕ್‌ನನ್ನ ಸೋಲಿಸಿದ್ದು ಅಂದ್ಮೇಲೆ ಅದೂ ಸಾಮಾನ್ಯ ಅಲ್ಲ ಅನ್ಸುತ್ತೆ.

ಹಸಿರು_ಬಂಗಾರ:

ಬರೀತೀನಿ, ಬೇರೆ ಥ್ರೆಡ್‌ನಲ್ಲಿ. ಕಿಲ್ಕೆನಿ ಕಡೆಯ ಒಂದು ಹೊಲಮನೆಯಲ್ಲಿ ಬೋ ಕುಟುಂಬದವರು ಪಳಗಿಸಿದ ಕುದುರೆ. ರೇಸ್ ಶುರುವಾದ ಕೂಡಲೇ ಮುಂದೆ ಹೋಗಿ, ಸಿಕ್ಕರೆ ಹಿಡೀರಿ ಅನ್ನೋ ಥರ ಓಡೋದು. ನಾಳೆಯಿಂದ ನಾಲ್ಕು ದಿನ ನೈಟ್ ಡ್ಯೂಟಿ ಇದೆ, ಶನಿವಾರ ಶುರು ಮಾಡ್ತೀನಿ. ಅಷ್ಟರೊಳಗೆ 1999ರ ಫೇರಿಹೌಸ್ ವಿಡಿಯೊ ನೋಡಿಟ್ಟಿರು.